ಕಾಲರಿನ ಕೆಂಪು ದಾರ

ಸೂಜಿಮಾವ ಅಂದರೆ ಬೀದಿಗೆಲ್ಲ ಗೊತ್ತು. ಮೂವತ್ತು ವರ್ಷದಿಂದ ಅದೇ ಕಿಟಕಿ, ಅದೇ ಹೊಲಿಗೆ ಮೆಷೀನು. ಸವೆದ ಕಾಲರ್ ಬಿಚ್ಚಿ, ತಿರುವಿ ಹೊಲಿದುಕೊಟ್ಟನೆಂದರೆ ಅಂಗಿಗೆ ಇನ್ನೆರಡು ವರ್ಷ ಆಯುಸ್ಸು. ಕಾಲರಿನಡಿ ಕೆಂಪು ದಾರದಲ್ಲಿ ಎರಡು ಪುಟ್ಟ ಗೀಟು ಹಾಕುವುದು ಅವನ ಗುರುತು. ಬಾಯಿ ಮಾತ್ರ ಕತ್ತರಿಗಿಂತ ಹರಿತ. "ಊರ ಉಸಾಬರಿ ನಮಗ್ಯಾಕೆ?" ಅನ್ನುವುದು ದಿನಕ್ಕೆ ಹತ್ತು ಸಲ.

ಆ ಮಧ್ಯಾಹ್ನ ಗುಂಡಿ ತರಲು ಹೊರಟವನು ಬಸ್ ನಿಲ್ದಾಣದಲ್ಲಿ ಗುಂಪು ಕಂಡು ಇಣುಕಿದ. ಯಾರೋ ಬೋರಲು ಬಿದ್ದಿದ್ದಾನೆ. ಸುತ್ತ ಇಪ್ಪತ್ತು ಜನ. ಒಬ್ಬರ ಮುಖ ಒಬ್ಬರು ನೋಡುತ್ತಾರೆಯೇ ಹೊರತು ಬಗ್ಗುವವರಿಲ್ಲ. "ಕುಡಿದಿರಬೇಕು" ಅಂದ ಒಬ್ಬ. "ಯಾರಾದ್ರೂ ಫೋನ್ ಮಾಡಿರ್ತಾರೆ ಬಿಡಿ" ಅಂದಳು ಇನ್ನೊಬ್ಬಳು. ಮಾಡಿದವರು ಯಾರು? ಒಬ್ಬರೂ ಇಲ್ಲ! ಸುಳ್ಳು ಯಾಕೆ ಹೇಳಲಿ, ಮಾವನೂ ಕೈಕಟ್ಟಿ ನಿಂತಿದ್ದ. ಪೊಲೀಸು, ಸಾಕ್ಷಿ, ಅಲೆದಾಟ ಎಲ್ಲ ತಲೆಯಲ್ಲಿ ಸುಳಿದು ಕಾಲು ಹಿಂದೆ ಸರಿಯಿತು.

ಅಷ್ಟರಲ್ಲಿ ಬಿದ್ದವನ ಮಗುಚಿದ ಕಾಲರಿನಡಿ ಕೆಂಪು ದಾರ ಕಂಡಿತು.

"ಅಯ್ಯೋ, ನಮ್ಮ ಗಿರಾಕಿ ಕಣ್ರೋ!"

ಗುಂಪು ಸೀಳಿ ಮಂಡಿಯೂರಿದ, ಹೊರಳಿಸಿದ. ಉಸಿರು ಇದೆಯೋ ಇಲ್ಲವೋ ಅನ್ನುವಷ್ಟಿತ್ತು. "ನೋಡ್ತಾ ನಿಂತಿದೀರಲ್ಲ, ಕಾಲು ಹಿಡೀರಿ!" ಎಂದು ಗದರಿದ್ದೇ ತಡ, ನಾಲ್ಕು ಜನ ಮುಂದೆ ಬಂದರು. ಒಂದು ಕಾರೂ ನಿಂತಿತು.

ಆಸ್ಪತ್ರೆಯಲ್ಲಿ ನರ್ಸ್ ಅಂಗಿ ಕತ್ತರಿಸಿ ತೆಗೆದು ಮಾವನ ಕೈಗೆ ಕೊಟ್ಟಳು. "ಹತ್ತು ನಿಮಿಷ ತಡವಾಗಿದ್ರೆ ಉಳೀತಿರಲಿಲ್ಲ" ಅಂದಳು. ಬೆಂಚಿನ ಮೇಲೆ ಕೂತು ಮಾವ ಕಾಲರ್ ತಿರುವಿದ. ಮೂರು ಗೀಟು. ಇದು ಯಾವುದೋ ಲಾಂಡ್ರಿಯವರ ಗುರುತು! ಆ ಮುಖವನ್ನೂ ಜನ್ಮದಲ್ಲಿ ಕಂಡಿರಲಿಲ್ಲ. ನಾಚಿಕೆಯಿಂದ ಮೈ ಹಿಡಿಯಾಯಿತು. ದಾರ ಕಾಣದಿದ್ದರೆ ಗುಂಡಿ ತರಲು ಹೋಗಿಬಿಡುತ್ತಿದ್ದೆನಲ್ಲ!

ತಿಂಗಳಾದ ಮೇಲೆ ಆ ಮನುಷ್ಯ ಅಂಗಡಿ ಹುಡುಕಿಕೊಂಡು ಬಂದ. "ಯಾರೂ ಮುಟ್ಟಲಿಲ್ಲವಂತೆ. ನೀವ್ಯಾಕೆ ಬಂದ್ರಿ ಯಜಮಾನ್ರೇ?"

ದೊಡ್ಡ ಮನುಷ್ಯನಾಗುವ ಉತ್ತರ ನಾಲಿಗೆ ತುದಿಗೆ ಬಂದಿತ್ತು. ಮಾವ ನುಂಗಿಕೊಂಡ. "ಕಾಲರಿನ ಕೆಂಪು ದಾರ ನೋಡಿ, ನನ್ನ ಗುರುತು, ನಮ್ಮ ಗಿರಾಕಿ ಅಂದ್ಕೊಂಡೆ. ಇಲ್ಲದಿದ್ರೆ ನಾನೂ ಹೋಗಿಬಿಡ್ತಿದ್ದೆ."

"ನಾನೂ ಹಾಗೆ ಎಷ್ಟು ಜನರನ್ನ ದಾಟಿ ಹೋಗಿದೀನೋ" ಅಂದ ಅವನು ಮೆಲ್ಲಗೆ.

ಮಾವ ಎದ್ದು, ಆಸ್ಪತ್ರೆಯಲ್ಲಿ ಕತ್ತರಿಸಿದ್ದ ಅದೇ ಅಂಗಿಯನ್ನು ಹೊಲಿದಿಟ್ಟಿದ್ದನ್ನು ಗೂಟದಿಂದ ತೆಗೆದುಕೊಟ್ಟ. ಅವನು ಕಾಲರ್ ಮಗುಚಿ ನೋಡಿ ನಕ್ಕ. "ನಿಮ್ಮ ಗುರುತು ಹಾಕಿಲ್ವಾ? ಇನ್ನೊಂದ್ಸಲ ಬಿದ್ರೆ?"

"ಯಾರಿಗೂ ಹಾಕಲ್ಲ, ಬಿಟ್ಟೆ" ಅಂದ ಮಾವ. "ಹಾಳಾದ ಕಣ್ಣು, ಬಿದ್ದವನನ್ನ ಬಿಟ್ಟು ಅದನ್ನೇ ಹುಡುಕುತ್ತೆ."