ತುಳಿದು ತುಂಬಿದ ಅಟ್ಟ

ಮೇಸ್ತ್ರಿ ಮೊದಲ ಸಲ ಬಂದದ್ದು ಸೋಮವಾರ. ಚಪ್ಪಲಿ ಬಿಡುವ ಮೊದಲೇ ತಲೆ ಎತ್ತಿ ಸೂರು ನೋಡಿ, ಒಂದೇ ದಿನದ ಕೆಲಸ ಅಂದುಬಿಟ್ಟ. ಅಜ್ಜಿಗೆ ಬೇಕಾಗಿದ್ದೂ ಅಷ್ಟೇ. ತಿಂಗಳು ತುಂಬದೆ ಹುಟ್ಟಿದ ಮೊಮ್ಮಗಳು ಶನಿವಾರ ಆಸ್ಪತ್ರೆಯಿಂದ ಬರಬೇಕಿತ್ತು. ಕೋಣೆ ಇಪ್ಪತ್ತೆರಡು ಡಿಗ್ರಿ ಬೆಚ್ಚಗಿರದಿದ್ದರೆ ಮಗುವನ್ನು ಕಳಿಸುವುದಿಲ್ಲ ಎಂದು ನರ್ಸಮ್ಮ ಕಡ್ಡಿ ತುಂಡುಮಾಡಿದ ಹಾಗೆ ಹೇಳಿ, ಗೋಡೆಗೆ ತೂಗುಹಾಕುವ ಥರ್ಮಾಮೀಟರೊಂದನ್ನೂ ಕೊಟ್ಟಿದ್ದಳು. ಆ ಹಳೇ ಮನೆಯಲ್ಲಿ ದಿನವಿಡೀ ಹೀಟರ್ ಉರಿಸಿದರೂ ಅದು ಹದಿನಾರರಲ್ಲೇ ನಿಂತಿತ್ತು.

ಮೇಸ್ತ್ರಿ ಅಟ್ಟ ಹತ್ತಿ, ಬಿಸಿ ಸೂರಿನಿಂದ ಹೊರಹೋಗದಂತೆ ಉಣ್ಣೆ ಹಾಸತೊಡಗಿದ. ಕೆಳಗೆ ಧೂಳೋ ಧೂಳು, ಮೇಲೆ ಧಡ್ ಧಡ್ ಸದ್ದು. ಅಜ್ಜಿ ಏಣಿಯ ಐದು ಮೆಟ್ಟಿಲು ಹತ್ತಿ ಇಣುಕಿದರೆ ಆಸಾಮಿ ಎರಡು ಕಾಲಲ್ಲೂ ಉಣ್ಣೆ ತುಳಿಯುತ್ತಿದ್ದ! ನಲವತ್ತು ವರ್ಷ ರಜಾಯಿ ಹೊಲಿದ ಜೀವಕ್ಕೆ ಅದು ನೋಡಲಾಗಲಿಲ್ಲ.

"ತುಳೀಬೇಡಪ್ಪಾ. ಅರಳಿದ್ರೇನೇ ಬೆಚ್ಚಗಿರೋದು."

"ಸೂಜಿ ನಿಮ್ದು, ಸೂರು ನಂದು ಅಮ್ಮಾ," ಎಂದು ನಕ್ಕ. "ನಮ್ಮನೆ ಅಟ್ಟಾನೂ ನಾನೇ ಹೀಗೇ ತುಂಬಿರೋದು. ಆದ್ರೂ ನನ್ನ ಹೆಂಡ್ತಿ ಇಪ್ಪತ್ತು ವರ್ಷದಿಂದ ಚಳಿ ಚಳಿ ಅಂತಾಳೆ. ಚಳಿ ಇರೋದು ಅವಳ ತಲೇಲಿ."

ಅವನ ತಪ್ಪೂ ಅಲ್ಲ. ಎಳವೆಯಲ್ಲಿ ಗೋದಾಮಿನಲ್ಲಿ ಚೀಲ ತುಂಬುತ್ತಿದ್ದವನು. ಮೇಲ್ವಿಚಾರಕ ಬಂದು ಚೀಲಕ್ಕೆ ಒದೆಯುತ್ತಿದ್ದನಂತೆ. ಕಾಲು ಒಳಕ್ಕೆ ಹೋದರೆ ಮತ್ತೆ ತುಂಬಬೇಕು. ಅಂದಿನಿಂದ ಸಡಿಲ ಕಂಡರೆ ಅವನಿಗೆ ಆಗದು. ಉಪಕರಣದ ಚೀಲವನ್ನೂ ಮೊಣಕಾಲು ಒತ್ತಿಯೇ ಮುಚ್ಚುತ್ತಿದ್ದ.

ಮಂಗಳವಾರ ಹದಿನೇಳು. ಕುಣಿಯಲಾರದವರಿಗೆ ನೆಲ ಡೊಂಕು: ಕಿಟಕಿ ಸರಿಯಿಲ್ಲ ಅಂದ. ಬುಧವಾರ ಕಿಟಕಿಯ ಸಂದಿಗಳಿಗೂ ಉಣ್ಣೆ ಗಿಡಿದ. ಹದಿನೇಳೇ. ಗುರುವಾರ ಥರ್ಮಾಮೀಟರೇ ಕೆಟ್ಟಿದೆ ಎಂದು ಅದನ್ನು ಅಂಗೈಯಲ್ಲಿ ಹಿಡಿದು ಕೂತು, ಇಪ್ಪತ್ತೆಂಟಕ್ಕೆ ಏರಿಸಿ ತೋರಿಸಿದ. ಅಜ್ಜಿ ಹಲ್ಲು ಕಚ್ಚಿಕೊಂಡಳು. ಕೋಣನ ಮುಂದೆ ಕಿನ್ನರಿ ಬಾರಿಸಿದ್ದು ಸಾಕಾಗಿತ್ತು.

ಶುಕ್ರವಾರ ಬೆಳಿಗ್ಗೆ ಅವಳು ತಕ್ಕಡಿ ತಂದಳು. ಎರಡು ಹಿಡಿ ಉಣ್ಣೆ ಸಮಸಮ ತೂಗಿ, ಒಂದನ್ನು ನೆಲದ ಮೇಲಿಟ್ಟು ಅವನಿಂದಲೇ ತುಳಿಸಿದಳು, ಇನ್ನೊಂದನ್ನು ಬೆರಳಲ್ಲಿ ಬಿಡಿಸಿ ಅರಳಿಸಿದಳು. ಎರಡನ್ನೂ ಬಾಯಿ ಮುಚ್ಚಿದ ಎರಡು ಕುದಿನೀರಿನ ಲೋಟಕ್ಕೆ ಸುತ್ತಿ, ಅವನನ್ನು ಎದುರಿಗೆ ಒಂದು ಗಂಟೆ ಕೂರಿಸಿದಳು. ಮೂರು ಸಲ ಏಳಲು ನೋಡಿದ, ಮೂರು ಸಲವೂ ಕೂರಿಸಿದಳು. ಆಮೇಲೆ ಬೆರಳು ಅದ್ದಿಸಿದಳು. ತುಳಿದ ಲೋಟದ್ದು ಉಗುರು ಬೆಚ್ಚಗೆ. ಇನ್ನೊಂದಕ್ಕೆ ಬೆರಳಿಟ್ಟವನು ಬಿಸಿ ತಾಗಿ ಥಟ್ಟನೆ ಹಿಂದಕ್ಕೆಳೆದುಕೊಂಡ.

ಎದ್ದು ಅಟ್ಟ ಹತ್ತಿದ. ತುಳಿದು ತುಂಬಿದ್ದನ್ನೆಲ್ಲ ಕಿತ್ತು ಕೆಳಗೆಸೆದ. ಅಜ್ಜಿ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಕೂತು ಬಿಡಿಸಿದಳು, ಅವನು ಹಗುರಾಗಿ ಹಾಸಿದ. ಅವಳ ಸೊಂಟ ಬಿದ್ದುಹೋಯಿತು. ಮೊದಲೇ ತನ್ನ ಮಾತು ಕೇಳಿದ್ದರೆ ನಾಲ್ಕು ದಿನ ಉಳಿಯುತ್ತಿತ್ತಲ್ಲ ಎಂದು ಬೈದುಕೊಳ್ಳುತ್ತಲೇ ಇದ್ದಳು. ಅರಳಿದ್ದರಿಂದ ಅರ್ಧಕ್ಕೇ ಅಟ್ಟ ತುಂಬಿ, ಉಳಿದರ್ಧ ಉಣ್ಣೆ ಹಾಗೇ ಮಿಕ್ಕಿತು.

ಶನಿವಾರ ಬೆಳಿಗ್ಗೆ ಇಪ್ಪತ್ತೆರಡೂವರೆ. ಮಗಳನ್ನೂ ಮಗುವನ್ನೂ ಕರೆತರಲು ಅಳಿಯ ಆಸ್ಪತ್ರೆಗೆ ಹೊರಟ. ಮೇಸ್ತ್ರಿ ಏಣಿ ಹೆಗಲಿಗೇರಿಸಿ ಬಾಗಿಲವರೆಗೆ ಹೋದವನು ಅಲ್ಲೇ ನಿಂತ.

"ಅಮ್ಮಾ, ಈಗ ಮನೆಗೆ ಹೋಗಿ ನನ್ನ ಹೆಂಡ್ತಿಗೆ ಏನಂತ ಹೇಳ್ಲಿ?"