ಯಮನಕ್ಕ ತನ್ನ ದನಿಯನ್ನು ತಾನು ಕೇಳಿದ್ದು

ದೊಡ್ಡ ಸದ್ದಿಗೆ ಕೆಟ್ಟ ಕಿವಿ ಮತ್ತೆ ಸರಿಯಾಗುವುದಿಲ್ಲ. ಇದು ನಿಮಗೆ ಗೊತ್ತಿರಬೇಕಿತ್ತು. ಗೊತ್ತಿದ್ದೂ ಮದುವೆ ಮನೆಯಲ್ಲಿ ಆಳೆತ್ತರ ಸ್ಪೀಕರ್ ಪೇರಿಸುತ್ತೇವೆ. ಎದೆ ನಡುಗದಿದ್ದರೆ ಅದು ಸಂಗೀತವೇ ಅಲ್ಲ ಅನ್ನುತ್ತೇವೆ. ಪಕ್ಕದಲ್ಲಿ ಕೂತ ಬೀಗರ ಜೊತೆ ಕೈಸನ್ನೆಯಲ್ಲಿ ಮಾತಾಡಿ, ಸಾರು ಕೇಳಿ ಮಜ್ಜಿಗೆ ಬಡಿಸಿಕೊಂಡು, ಮನೆಗೆ ಬಂದು ಕಿವಿ ಗುಂಯ್ ಅಂತಿದೆ ಎಂದು ನಗುತ್ತೇವೆ. ಆ ಪೆಟ್ಟಿಗೆಗಳ ಮಗ್ಗುಲಲ್ಲೇ ನಿಂತು ವರ್ಷವಿಡೀ ಹಾಡುವವಳ ಕಿವಿ ಏನಾಗಿರಬಹುದು ಎಂದು ಒಬ್ಬರೂ ಕೇಳಿದ್ದಿಲ್ಲ.

ನೀವು ಕೇಳದಿದ್ದರೂ ಹೇಳುತ್ತೇನೆ. ಅವಳ ಹೆಸರು ಯಮನಮ್ಮ. ಹೊಸಪೇಟೆಯ ಚಿತ್ತವಾಡ್ಗಿ ಓಣಿಗೆಲ್ಲ ಯಮನಕ್ಕ.

ತವರು ಕಂಪ್ಲಿ. ಭತ್ತದ ನಾಟಿಯ ಸಾಲಿನಲ್ಲಿ ಅವ್ವನ ಪಕ್ಕ ಬಗ್ಗಿ ಹಾಡು ಕಲಿತವಳು. ಈ ಗದ್ದೆಯಲ್ಲಿ ಎತ್ತಿದ ಸೊಲ್ಲನ್ನು ಕಾಲುವೆಯಾಚೆಯ ಗದ್ದೆಯ ಹೆಂಗಸರು ಹಿಡಿದು ಮುಂದುವರಿಸುತ್ತಿದ್ದರು. ನಡುವೆ ಮೈಕು ಇರಲಿಲ್ಲ. ಮದುವೆಯಾಗಿ ಹೊಸಪೇಟೆಗೆ ಬಂದ ಮೇಲೆ ವೀರೇಶ್ ನಡೆಸುವ ಆರ್ಕೆಸ್ಟ್ರಾ ಸೇರಿದಳು. ಸಿನಿಮಾ ಹಾಡು, ತತ್ವಪದ, ಸೋಬಾನೆ, ಯಾವುದಕ್ಕೂ ಸೈ. ಬೀಗರ ಹಾಡಿಗಂತೂ ಅವಳೇ ಬೇಕು. ಗೊತ್ತಿಲ್ಲದವರಿಗೆ ಹೇಳಬೇಕು: ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನು ಹೆಸರು ಹಿಡಿದು ಹಾಡಿನಲ್ಲೇ ಗೇಲಿ ಮಾಡುವುದು ನಮ್ಮ ಕಡೆಯ ಪದ್ಧತಿ. ಎದುರಿಗೆ ಕೂತವನನ್ನು ನೋಡಿ ಅಲ್ಲೇ ಕಟ್ಟಬೇಕು, ಅಲ್ಲೇ ಹಾಡಬೇಕು.

ವರ್ಷ ಕಳೆದಂತೆ ಪೆಟ್ಟಿಗೆ ದೊಡ್ಡದಾಯಿತು. ವೇದಿಕೆಯ ಮುಂದೆ ಒಂದು ಗೋಡೆ, ಹಾಡುವವಳ ಕಡೆ ಮುಖ ಮಾಡಿದ್ದು ಇನ್ನೊಂದು. ಸದ್ದಿನ ನಡುವೆ ತನ್ನ ದನಿ ತನಗೇ ಕೇಳದೆ ಯಮನಕ್ಕ ಕೂಗತೊಡಗಿದಳು. ಕೂಗಿದಷ್ಟೂ ಗಂಟಲು ಒಡೆಯಿತು, ಶ್ರುತಿ ಜಾರಿತು. ಕಿವಿ ಡಾಕ್ಟರ ಹತ್ತಿರ ಹೋದರೆ ಅವರು ಮುಚ್ಚುಮರೆ ಮಾಡಲಿಲ್ಲ. "ಸಣ್ಣ ಸಪ್ಪಳ ಕೇಳೋ ಶಕ್ತಿ ಸ್ವಲ್ಪ ಹೋಗೇತವ್ವ. ಹೋಗಿದ್ದು ಬರಂಗಿಲ್ಲ. ಇರೋದನ್ನ ಕಾಪಾಡ್ಕೋ."

ಅದೇ ವಾರ ವೀರೇಶ್ ಮನೆಗೆ ಬಂದ.

"ಯಮನಕ್ಕ, ಸಂಡೂರಿನ ಮದುವಿ ಒಂದು ನೋಡ್ತೀನಿ. ಅಲ್ಲೂ ಶ್ರುತಿ ತಪ್ಪಿದ್ರ ಟ್ರ್ಯಾಕ್ ಹಾಕ್ತೀನಿ. ಯಾರಾರ ಒಬ್ಬಾಕಿ ಬಾಯಿ ಆಡಿಸ್ಕೊಂಡು ಕುಣೀತಾಳ. ನನ್ನ ಮ್ಯಾಲ ಸಿಟ್ಟಾಗಬ್ಯಾಡ."

ಟ್ರ್ಯಾಕ್ ಅಂದರೆ ಮೊದಲೇ ಧ್ವನಿಮುದ್ರಿಸಿಟ್ಟ ಹಾಡು.

"ಹಂಗಾರ ಆ ಪೆಟಗಿ ಸಣ್ಣಗ ಮಾಡು, ವೀರೇಶಣ್ಣ."

"ಸಣ್ಣಗ ಮಾಡಿದ್ರ ನನ್ನ ಯಾರು ಕರೀತಾರ?"

ನ್ಯಾಯ ನೋಡಿ. ಕಿವಿ ಕೆಡಿಸಿದ ಪೆಟ್ಟಿಗೆಗೆ ಕಾಯಂ ಕೆಲಸ, ಕಿವಿ ಕೆಟ್ಟವಳಿಗೆ ಮನೆ ದಾರಿ. ವೀರೇಶ್ ಕೆಟ್ಟವನಲ್ಲ. ಕರೆಸುವವರು ನಾವು, ಕೇಳುವವರೂ ನಾವು. ಅವನ ಬಾಯಿಂದ ಆಡಿದ್ದು ನಮ್ಮ ಮಾತೇ.

ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವವನು ಸುಮಧ್ವ. ಹಂಪಿಯಲ್ಲಿ ಪೂಜೆ ಮಾಡುವ ಮನೆತನದ ಹುಡುಗ, ತೋರಣಗಲ್ಲಿನ ಕಾರ್ಖಾನೆಯಲ್ಲಿ ಇಂಜಿನಿಯರು. ಅವನಿಗೊಂದು ಹುಚ್ಚು. ಕೆಲವರು ಬೈಕು ಒರೆಸುವಂತೆ, ಇವನು ಕಿವಿಯೊಳಗಿಡುವ ದುಬಾರಿ ಇಯರ್‌ಫೋನ್ ಕೊಂಡು, ಒರೆಸಿ, ಡಬ್ಬಿಯಲ್ಲಿಟ್ಟು, ಮತ್ತೆ ತೆಗೆದು ನೋಡುವವನು. ಅವನು ಮೂರು ಡಬ್ಬಿಗಳನ್ನು ತಂದು ಯಮನಕ್ಕನ ಮನೆಯ ಕಟ್ಟೆಯ ಮೇಲೆ ಬಿಚ್ಚಿದ. ಜೊತೆಗೆ ಸದ್ದು ಹದ ಮಾಡುವ ಒಂದು ಸಣ್ಣ ಮಿಕ್ಸರ್, ಒಂದು ಮೈಕು, ಆ ಸದ್ದನ್ನು ಕಿವಿಗೆ ಮುಟ್ಟಿಸಲು ಸೊಂಟಕ್ಕೆ ಸಿಕ್ಕಿಸುವ ಪುಟ್ಟ ಯಂತ್ರ. ಬೆಲೆ ಹೇಳಿದರೆ ಅವಳು ಮುಟ್ಟುವುದಿಲ್ಲ ಎಂದು ಬೆಲೆ ಮಾತ್ರ ಹೇಳಲಿಲ್ಲ.

"ಹೊರಗಿನ ಸಪ್ಪಳ ಒಳಗ ಬರಂಗಿಲ್ಲ ಅಕ್ಕ. ನಿನ್ನ ದನಿ, ಶ್ರುತಿ, ತಾಳ, ಇಷ್ಟ ಕೇಳಸ್ತದ. ಅದೂ ಮೆಲ್ಲಕ."

ಯಮನಕ್ಕನ ಅತ್ತೆ ತಾಯಕ್ಕ ಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. "ಕಿವಿ ಮುಚ್ಕೊಂಡು ಹಾಡೋದು ನಾ ಎಲ್ಲೂ ಕಂಡಿಲ್ಲಪಾ. ಇಕಿ ಹಾಡು ಕೇಳಲಾರ್ದ ನಾನು ಮುಚ್ಕೊಂತಿದ್ದೆ, ಅದು ಬ್ಯಾರೆ."

ಮೊದಲನೆಯದು ಕಪ್ಪು, ಮಿರಮಿರ ಮಿಂಚುವಂಥದ್ದು. ಹಾಕಿ ಒಂದು ಸಾಲು ಹಾಡಿ ಕಿತ್ತಳು. "ಇದ್ರಾಗ ಡೋಲು ಬಿಟ್ಟು ಬ್ಯಾರೆ ಏನಿಲ್ಲೋ. ಸಂಡೂರು ಗುಡ್ಡದಾಗ ಗಣಿ ಬ್ಲಾಸ್ಟ್ ಹೊಡದಂಗೈತಿ. ವೀರೇಶಣ್ಣನ ಪೆಟಗಿ ಕಿವಿ ಒಳಗ ಬಂತಲ್ಲ!"

ಎರಡನೆಯದು ಸುಮಧ್ವನ ಪ್ರಾಣ. ಬೆಳ್ಳಿ ಬಣ್ಣದ ಲೋಹ. "ಒಂದೊಂದರಾಗ ಒಂಬತ್ತು ಸಣ್ಣ ಸ್ಪೀಕರ್ ಅದಾವ ಅಕ್ಕ."

"ಒಂಬತ್ತ? ನನ್ನ ಕಿವ್ಯಾಗ ಮದುವಿ ಮಾಡ್ತೀಯೇನು?"

ನಕ್ಕುಕೊಂಡೇ ಹಾಕಿದವಳು ಹಾಡುತ್ತಾ ನಡುವೆ ನಿಂತುಬಿಟ್ಟಳು. ಶ್ರುತಿಗೆಂದು ಸುಮಧ್ವ ಮೊಬೈಲಿನಿಂದ ಹಚ್ಚಿದ್ದ ತಂಬೂರಿಯ ನಾಲ್ಕು ತಂತಿ ನಾಲ್ಕು ಕಡೆ ಬೇರೆಬೇರೆಯಾಗಿ ಕೇಳುತ್ತಿದ್ದವು. ಸಾಲಿನ ಕೊನೆಯಲ್ಲಿ ತಾನು ಉಸಿರೆಳೆದದ್ದೂ ಕೇಳಿತು. ಮತ್ತೊಮ್ಮೆ ಹಾಡಿದಳು. ಮುಖ ಸಣ್ಣದಾಯಿತು.

"ಸುಮಧ್ವ, ನಾ ಇಳಿಸಿ ಹಾಡಾಕತ್ತೀನಲ್ಲೋ. ಶ್ರುತಿ ಮ್ಯಾಲೈತಿ, ನಾ ಕೆಳಗದೀನಿ. ಎಷ್ಟು ದಿನದಿಂದ ಹಿಂಗೈತಿ?"

ಉತ್ತರಕ್ಕೆ ಕಾಯದೆ ಅವಳು ಕಣ್ಣು ಮುಚ್ಚಿ ದನಿಯನ್ನು ಎತ್ತಿ ಎತ್ತಿ ಶ್ರುತಿಗೆ ತಂದು ಕೂರಿಸಿದಳು. ಅದು ಕೂತಾಗ ತಾಯಕ್ಕನ ಕೈಯಲ್ಲಿದ್ದ ಬೆಳ್ಳುಳ್ಳಿ ಅಲ್ಲೇ ನಿಂತಿತು.

ಇದೇ ಇರಲಿ ಎಂದರು ಇಬ್ಬರೂ. ಆದರೆ ಕಿವಿ ಒಪ್ಪಬೇಕಲ್ಲ. ಏರುದನಿಗೆ ಬಾಯಿ ಅಗಲಿಸಿದೊಡನೆ ದವಡೆ ಸರಿದು ಆ ಭಾರದ ಲೋಹ ಸಡಿಲವಾಗುತ್ತಿತ್ತು. ಸಡಿಲವಾದರೆ ಸಾಕು, ಮಂದ್ರವೆಲ್ಲ ಸೋರಿಹೋಗಿ ದನಿ ತಗಡು ಬಡಿದಂತಾಗುತ್ತಿತ್ತು, ಓಣಿಯ ಸದ್ದು ಒಳಗೆ ನುಗ್ಗುತ್ತಿತ್ತು. ಇಯರ್‌ಫೋನಿನ ತಂತಿಯನ್ನು ಕಿವಿಯ ಮೇಲಿಂದ ಹಾಯಿಸಿದರೆ ಅಲ್ಲಿ ಅವ್ವ ಹಾಕಿಸಿದ ಬುಗುಡಿ, ಅದರ ಹಿಂದೆ ಝುಮಕಿಯ ಭಾರ ಹೊರುವ ಸರಪಳಿ. ಸ್ವಲ್ಪ ಹೊತ್ತಿಗೆ ಕಿವಿ ಕೆಂಡವಾಯಿತು.

"ಸರಪಳಿ ತೆಗೀತೀನಿ. ಬುಗುಡಿ ತೆಗಿಯಂಗಿಲ್ಲ," ಎಂದಳು. ಅದರ ಮೇಲೆ ಮಾತಿಲ್ಲ.

ಮೂರನೆಯದು ಹಗುರ, ಹುಣಸೆಬೀಜದ ಬಣ್ಣದ್ದು. ನಾಲ್ಕು ತಂತಿ ನಾಲ್ಕು ಕಡೆ ಕೇಳಲಿಲ್ಲ. ತಂಬೂರಿ ತಂಬೂರಿಯಾಗಿ ಕೇಳಿತು, ಅಷ್ಟೇ. ಆದರೆ ಇಯರ್‌ಫೋನಿನ ತಂತಿ ಬುಗುಡಿಯ ಒಳಬದಿಯಿಂದ ನುಸುಳಿತು. ಸುಮಧ್ವ ಬಲಗಿವಿಗೆ ಚಿಕ್ಕ ರಬ್ಬರ್ ತುದಿ, ಎಡಗಿವಿಗೆ ಅದಕ್ಕಿಂತ ಒಂದು ಅಳತೆ ದೊಡ್ಡದು ಹಾಕಿದ. ಯಾರ ಎರಡು ಕಿವಿಯೂ ಒಂದೇ ಅಳತೆಯಲ್ಲ ಅನ್ನುವುದು ಯಮನಕ್ಕನಿಗೆ ಆವತ್ತೇ ಗೊತ್ತಾದದ್ದು. ಬಾಯಿ ಅಗಲಿಸಿದಳು, ತಲೆ ಕೊಡವಿದಳು, ಕಟ್ಟೆಯ ಮೇಲೆ ಎರಡು ಹೆಜ್ಜೆ ಕುಣಿದೂ ನೋಡಿದಳು. ಅಲುಗಲಿಲ್ಲ. ಹೊರಗಿನ ಸದ್ದು ನಿಂತಿದ್ದರಿಂದ ಒಳಗಿನ ಸದ್ದನ್ನು ಸುಮಧ್ವ ಇಳಿಸುತ್ತಾ ಹೋದ, ಇನ್ನೂ ಇಳಿಸಿದ. ಆದರೂ ಅವಳ ದನಿ ಅವಳಿಗೆ ಕೇಳುತ್ತಿತ್ತು.

"ಎರಡನೇದು ದೇವರು ಇದ್ದಂಗ. ಇದು ಮನುಷ್ಯಾ ಇದ್ದಂಗ. ನನಗ ಮನುಷ್ಯಾನ ಇರ್ಲಿ," ಎಂದಳು.

ಡಬ್ಬಿ ಕೊಟ್ಟು ಹೋಗುವಾಗ ಸುಮಧ್ವ ಹತ್ತು ಬುದ್ಧಿ ಹೇಳಿದ. ಬೆವರು ಒರೆಸು, ತಂತಿ ಎಳಿಬ್ಯಾಡ, ಸಂಡೂರಿನ ಕೆಂಪು ಧೂಳಿಗೆ ಬಿಡಬ್ಯಾಡ. ಒಂದು ಮಾತು ಹೇಳಲಿಲ್ಲ. ಅವನಿಗೆ ಹೊಳೆದಿರಲಿಕ್ಕಿಲ್ಲ.

ಮದುವೆಗೆ ಎರಡು ದಿನವಿತ್ತು. ಶುಕ್ರವಾರ ತಲೆಗೆ ಎರೆಯುವ ದಿನ. ಸೊಸೆಯ ಕಿವಿಗೆ ತ್ರಾಸಾಗಿದೆ ಎಂದು ತಾಯಕ್ಕ ಕೊಬ್ಬರಿ ಎಣ್ಣೆಗೆ ಬೆಳ್ಳುಳ್ಳಿ ಹಾಕಿ ಬೆಚ್ಚಗೆ ಮಾಡಿ, ತೊಡೆಯ ಮೇಲೆ ತಲೆ ಇಟ್ಟುಕೊಂಡು, ಬಲಗಿವಿಗೆ ಧಾರಾಳವಾಗಿ ಬಿಟ್ಟಳು. ಎಡಗಿವಿಗೂ ಬಿಡುವಷ್ಟರಲ್ಲಿ ಹಾಲು ಉಕ್ಕಿತು, ಎದ್ದು ಓಡಿದಳು. ಸ್ನಾನ ಮುಗಿಸಿ ಯಮನಕ್ಕ ಇಯರ್‌ಫೋನ್ ಹಾಕಿಕೊಂಡು ಅಭ್ಯಾಸಕ್ಕೆ ಕೂತಳು.

ಶನಿವಾರ ಬೆಳಿಗ್ಗೆ ಮತ್ತೆ ಹಾಕಿಕೊಂಡರೆ ಬಲಗಡೆ ದನಿ ಇಲ್ಲ. ಗೋಡೆಯಾಚೆ ಯಾರೋ ಮಾತಾಡಿದಂತೆ, ಅಷ್ಟೇ. ಡಾಕ್ಟರ ಮಾತು ನೆನಪಾಯಿತು. ಹೋಗಿದ್ದು ಬರಂಗಿಲ್ಲ. ಒಲೆ ಹಚ್ಚಲಿಲ್ಲ, ಬಲಗಿವಿಯ ಮೇಲೆ ಅಂಗೈ ಒತ್ತಿಕೊಂಡು ಕೂತಳು. ಸುಮಧ್ವ ಪಾಳಿ ಮುಗಿಸಿ ಬೈಕಿನಲ್ಲಿ ಬಂದಾಗ ಅವಳು ಹೇಳಿದ್ದು ಒಂದೇ ಮಾತು: "ವೀರೇಶಣ್ಣಗ ಟ್ರ್ಯಾಕ್ ಹಾಕ್ಕೋ ಅನ್ನು."

ಅವನು ಮಿಕ್ಸರ್ ಹಚ್ಚಿ ತಂಬೂರಿ ಬಿಟ್ಟ. "ಎಡಗಿವಿದು ತೆಗದು ಬಲಗಿವಿಗೆ ಒತ್ತಿ ಹಿಡಿ ಅಕ್ಕ."

ಒತ್ತಿ ಹಿಡಿದಳು. ತಂಬೂರಿ ಝೇಂಕರಿಸಿತು. ಬಲಗಿವಿಯಲ್ಲಿ! ಆಮೇಲೆ ಬಲಗಡೆಯದನ್ನು ಎಡಗಿವಿಗೆ ಹಿಡಿದಳು. ಅಲ್ಲೂ ಗೋಡೆಯಾಚೆಯ ಮಾತು.

"ಕಿವಿ ಕೆಟ್ಟಿಲ್ಲ ಅಕ್ಕ. ಇದು ಕೆಟ್ಟದ." ಅವನು ಅದನ್ನು ಬೆಳಕಿಗೆ ಹಿಡಿದ. ತುದಿಯಲ್ಲಿ ಕೂದಲಿಗಿಂತ ಸಣ್ಣ ಕಣ್ಣುಗಳ ಜಾಳಿಗೆ, ಅದರ ತುಂಬ ಎಣ್ಣೆ. ಮೂಗಿಗೆ ಹಿಡಿದು ನೋಡಿದ. "ಒಗ್ಗರಣಿ ವಾಸನಿ ಬರಾಕತ್ತದಲ್ಲ!"

ತಾಯಕ್ಕ ಒಳಗಿನಿಂದಲೇ ಕೂಗಿದಳು: "ನಾ ಕಿವಿಗೆ ಬಿಟ್ಟೀನಪಾ, ನಿನ್ನ ಯಂತ್ರಕ್ಕ ಬಿಟ್ಟಿಲ್ಲ!"

ಯಮನಕ್ಕ ಎಷ್ಟು ನಕ್ಕಳೆಂದರೆ ಅಳು ಬಂತು. ಎಣ್ಣೆ ಬಿಡಬೇಡಿ ಎಂದು ಕಿವಿ ಡಾಕ್ಟರುಗಳು ಬಾಯಿ ನೋಯುವಷ್ಟು ಹೇಳುತ್ತಾರೆ. ಆ ಮನೆಯಲ್ಲಿ ಅದನ್ನು ಕೊನೆಗೂ ಕೇಳಿಸಿಕೊಂಡದ್ದು ಒಂದು ಜಾಳಿಗೆಯಿಂದ. ಸುಮಧ್ವ ಡಬ್ಬಿಯ ಮೂಲೆಯಲ್ಲಿದ್ದ ಹೊಸ ಜಾಳಿಗೆ ಅಂಟಿಸಿದ. ಬಲಗಡೆ ಜೀವ ಬಂತು.

ಭಾನುವಾರ ಸಂಜೆ ಸಂಡೂರು. ಹೆಣ್ಣು ಸಂಡೂರಿನದು, ಗಂಡು ಕಂಪ್ಲಿಯವನು. ಯಮನಕ್ಕ ತಂತಿಯನ್ನು ಮಲ್ಲಿಗೆ ದಂಡೆಯ ಕೆಳಗೆ ಅಡಗಿಸಿದ್ದಳು. ಮೊದಲ ಹಾಡು ಶ್ರುತಿಗೆ ಕೂತಿತು. ಎರಡನೆಯದೂ. ವೀರೇಶ್ ಪಕ್ಕದಲ್ಲಿ ಬೆವರು ಒರೆಸಿಕೊಂಡ. ಮೂರನೆಯದರಲ್ಲಿ ತಲೆ ತಿರುಗಿಸಿದಾಗ ದಂಡೆ ಜಾರಿ ತಂತಿ ಹೊರಗೆ ಬಿತ್ತು.

ಮುಂದಿನ ಸಾಲಿನಲ್ಲಿ ಕೆಂಪು ರುಮಾಲು ಸುತ್ತಿದ ಒಬ್ಬ ಎದ್ದು ನಿಂತ. ಗಂಡಿನ ಸೋದರಮಾವ ಲಿಂಗರಾಜ್. ಹಾಡು ನಿಂತ ಹೊತ್ತಲ್ಲಿ ಬೆರಳು ತೋರಿಸಿ ಕೂಗಿದ: "ಲೇ, ಕಿವ್ಯಾಗ ವೈರ್ ನೋಡ್ರಲೇ! ಅಲ್ಲಿ ಹಾಡು ಹಚ್ಯಾರ, ಇಕಿ ಬಾಯಿ ಆಡಸ್ತಾಳ! ಅದಕ್ಕ ಇಷ್ಟು ಚೊಲೊ ಬರಾಕತ್ತದ! ಟ್ರ್ಯಾಕ್!"

ಹಿಂದಿದ್ದ ಹುಡುಗರು ಹಿಡಿದುಕೊಂಡರು. "ಟ್ರ್ಯಾಕ್! ಟ್ರ್ಯಾಕ್!"

ಶ್ರುತಿ ತಪ್ಪಿದರೆ ಮನೆಗೆ ಹೋಗು. ಶ್ರುತಿಗೆ ಸರಿಯಾಗಿ ಹಾಡಿದರೆ ಕಳ್ಳಿ. ವೀರೇಶ್ ಓಡಿಬಂದ: "ಕಿತ್ತು ಹಾಕು ಅಕ್ಕ ಅದನ್ನ, ಮರ್ಯಾದಿ ಹೋಗ್ತದ!"

"ಕೀಳಂಗಿಲ್ಲ," ಎಂದಳು ಯಮನಕ್ಕ, ಮೈಕಿನಲ್ಲೇ. ಮಲ್ಲಿಗೆ ದಂಡೆಯನ್ನು ಬಿಚ್ಚಿ ತಂತಿ ಎಲ್ಲರಿಗೂ ಕಾಣುವಂತೆ ನಿಂತಳು. ಡೋಲಿನವನಿಗೆ ಕೈ ತೋರಿಸಿದಳು. ಬೀಗರ ಹೆಸರುಗಳನ್ನೆಲ್ಲ ಹೆಣ್ಣಿನ ಕಡೆಯವರು ಅವಳಿಗೆ ಮೊದಲೇ ಹೇಳಿದ್ದರು. ಲಿಂಗರಾಜನನ್ನು ನೆತ್ತಿಯಿಂದ ಪಾದದ ತನಕ ನೋಡಿದಳು. ಎತ್ತಿದಳು, ಬೀಗರ ಹಾಡು.

ಕಂಪ್ಲಿಯಿಂದ ಬಂದಾನ ಲಿಂಗರಾಜ ಮಾವ
ಕೆಂಪು ರುಮಾಲಿನಾಗ ಹೋಳಿಗಿ ಬಚ್ಚಿಟ್ಟಾವ
ವೈರು ಕಂಡು ಬೀಗ ಹಾವಂತ ಬೆದರ್ಯಾನ
ಕುರ್ಚಿ ಮ್ಯಾಲ ಹತ್ತಿ ಕೂಗ್ಯಾನ, ಸೋ ಎನ್ನಿರೇ

ಹೆಣ್ಣಿನ ಕಡೆಯ ಹೆಂಗಸರು ಕಿರುಚಿಕೊಂಡು ನಕ್ಕರು. ಲಿಂಗರಾಜನ ರುಮಾಲು, ಲಿಂಗರಾಜನ ಹೆಸರು, ಅವನು ಈಗಷ್ಟೇ ಕೂಗಿದ್ದು! ಇದನ್ನು ಯಾವ ಟ್ರ್ಯಾಕಿನಲ್ಲಿ ತುಂಬಿಟ್ಟಿರುತ್ತಾರೆ? "ಸೋ" ಎಂದು ಅವರು ದನಿಗೂಡಿಸಿದರು. ಯಮನಕ್ಕ ಎರಡನೆಯ ನುಡಿ ಶುರು ಮಾಡಿದಳು. ಅದರಲ್ಲಿ ಲಿಂಗರಾಜನ ಮೀಸೆಯಿತ್ತು, ಅವನ ಹೆಂಡತಿಯೂ ಇದ್ದಳು. ಆದರೆ ಪೆಟ್ಟಿಗೆಗಳ ಎದುರಿಗೇ ಇದ್ದ ಲಿಂಗರಾಜ್ ಆ ಗುಡುಗಿನಲ್ಲಿ ಮಾತು ತಿಳಿಯದೆ ಅತ್ತ ಇತ್ತ ನೋಡಿದ. ಎಲ್ಲರೂ ತನ್ನ ಮೇಲೆ ನಗುತ್ತಿದ್ದಾರೆ, ಯಾಕೆಂದು ತನಗೇ ಗೊತ್ತಿಲ್ಲ! ಹಾಡಿನಲ್ಲಿ ಹೇಳಿದಂತೆಯೇ ಕುರ್ಚಿ ಹತ್ತಿ ಕೂಗಿದ:

"ಆ ಡಬ್ಬಾ ಸಣ್ಣಗ ಮಾಡ್ರಲೇ! ನನ್ನ ಏನಂದ್ಳು ಅಂತ ನನಗ ಕೇಳಬ್ಯಾಡ?"

"ಸಣ್ಣಗ ಮಾಡು ವೀರೇಶಣ್ಣ, ಬೀಗರ ಅಪ್ಪಣಿ ಆಗೇತಿ!" ಎಂದಳು ಯಮನಕ್ಕ.

ವೀರೇಶ್ ಇಳಿಸಿದ. ಇನ್ನೂ ಇಳಿಸು ಎಂದರು ಹೆಂಗಸರು. ಇಳಿಸಿದ. ಅಜ್ಜಿಯರು ಕಿವಿಯಿಂದ ಕೈ ತೆಗೆದು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಕಾಲುವೆಯಾಚೆಗೆ ಮೈಕಿಲ್ಲದೆ ಮುಟ್ಟುತ್ತಿದ್ದ ಆ ದನಿ, ಕೂಗದೆ, ಒಡೆಯದೆ, ಮಂಟಪದ ಕೊನೆಯ ಸಾಲಿಗೂ ಮುಟ್ಟಿತು. ಲಿಂಗರಾಜ್ ವೇದಿಕೆ ಹತ್ತಿ ರುಮಾಲು ಬೀಸಿ ಕುಣಿದ. "ನನ್ನ ಮ್ಯಾಲ ಇನ್ನೊಂದು ಕಟ್ಟು ತಂಗಿ, ಆದ್ರ ಮೀಸಿ ಬಿಟ್ಟು!" ಎಂದ.

ಟ್ರ್ಯಾಕಿನ ಮಾತನ್ನು ವೀರೇಶ್ ಮತ್ತೆ ಎತ್ತಿಲ್ಲ. ಈಗ ಅವನ ಆರ್ಕೆಸ್ಟ್ರಾದಲ್ಲಿ ಹಾಡುವವರೆಲ್ಲರ ಕಿವಿಯಲ್ಲೂ ತಂತಿ ಇದೆ, ಹಾಡುವವರ ಕಡೆ ಮುಖ ಮಾಡಿದ್ದ ಆ ಪೆಟ್ಟಿಗೆ ಗೋದಾಮು ಸೇರಿದೆ. ಹುಣಸೆಬೀಜದ ಬಣ್ಣದ ಜೋಡಿಯನ್ನು ಸುಮಧ್ವ ವಾಪಸು ತೆಗೆದುಕೊಳ್ಳಲಿಲ್ಲ. ಯಮನಕ್ಕ ಅದನ್ನು ಒಣ ಬ್ರಷ್ಷಿನಿಂದ ಒರೆಸಿ, ತಾಯಕ್ಕನ ಕೈಗೆಟುಕದ ಗೂಡಿನಲ್ಲಿ ಇಡುತ್ತಾಳೆ. ಬುಗುಡಿ ಅದರ ಜಾಗದಲ್ಲೇ ಇದೆ.

ಅವಳು ಗೆದ್ದಳು. ಹೋದ ಕಿವಿಯಷ್ಟು ಹೋಯಿತು, ಉಳಿದದ್ದನ್ನು ಉಳಿಸಿಕೊಂಡು ಗೆದ್ದಳು. ಅದಕ್ಕೆ ಚಪ್ಪಾಳೆ ತಟ್ಟಿ ಸುಮ್ಮನಾಗುವ ಹಕ್ಕು ನಮಗಿಲ್ಲ. ಪ್ರತಿ ಊರಿನ ಹಾಡುವವಳಿಗೂ ಒಬ್ಬ ಸುಮಧ್ವ ಇರುವುದಿಲ್ಲ, ಎದ್ದು ಕೂಗುವ ಒಬ್ಬ ಲಿಂಗರಾಜನೂ ಸಿಗುವುದಿಲ್ಲ. ನೀವಿದ್ದೀರಿ. ಮುಂದಿನ ಮದುವೆಯಲ್ಲಿ ಊಟಕ್ಕೆ ಕೂರುವ ಮೊದಲು ನೇರ ಹೋಗಿ ಆ ಪೆಟ್ಟಿಗೆಯ ಸದ್ದು ಇಳಿಸಿ ಎಂದು ಹೇಳಿ. ಆಮೇಲೆ ವೇದಿಕೆಯ ಹತ್ತಿರ ಹೋಗಿ ಹಾಡುವವಳನ್ನು ಕೇಳಿ: "ನಿನ್ನ ದನಿ ನಿನಗ ಕೇಳ್ತದೇನವ್ವ?" ಹೌದು ಎಂದು ಅವಳು ತಲೆ ಆಡಿಸುವವರೆಗೆ ಎಲೆಯ ಮುಂದೆ ಕೂರಬೇಡಿ.