ಅಮ್ಮನ ಮೂವತ್ತು ರೀಡಿಂಗ್

ಅಮ್ಮನ ಕಾಲಿನ ಹೆಬ್ಬೆರಳಿನ ಗಾಯ ಮೂರು ವಾರವಾದರೂ ಮಾಯಲಿಲ್ಲ. ಶುಗರ್ ಏರಿದೆ, ಇನ್ಸುಲಿನ್ ಶುರು ಮಾಡೋಣ ಎಂದರು ಕೆಂಗೇರಿ ಉಪನಗರದ ನಮ್ಮ ಡಾಕ್ಟರು. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವ ನಾನು ಸುಮ್ಮನಿರುತ್ತೇನೆಯೇ?

"ಒಂದೇ ಒಂದು ಟೆಸ್ಟ್ ನೋಡ್ಬಿಟ್ಟು ಹೇಗೆ ಸಾರ್ ಹೇಳ್ತೀರಾ?" ಎಂದು ಜಗಳಕ್ಕೇ ನಿಂತೆ.

ಮನೆಯಲ್ಲಿ ಮೀಟರ್ ಇತ್ತು. ವಾರಕ್ಕೆರಡು ಬೆಳಗ್ಗೆ ಅಮ್ಮ ಖಾಲಿ ಹೊಟ್ಟೆಯಲ್ಲಿ ಬೆರಳು ಚುಚ್ಚಿಕೊಂಡು, ಬಂದ ಸಂಖ್ಯೆಯನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದಳು. ಅವಳು ಅಲ್ಲಿಂದ ಓದಿದಳು, ನಾನು ಹಾಲಿನಲ್ಲಿ ಕೂತು ಮೂವತ್ತು ಬರೆದುಕೊಂಡೆ. ಸರಾಸರಿ ನೂರಿಪ್ಪತ್ತಾರು, ಅಂದರೆ ಶುಗರ್ ಹತೋಟಿಯಲ್ಲೇ ಇದೆ. ಅಂಚುಗಳು ನೂರಿಪ್ಪತ್ತೆರಡು, ನೂರಮೂವತ್ತು. ಹೀಗೆ ನೂರು ಸಲ ಹೊಸದಾಗಿ ಅಳೆದು ಲೆಕ್ಕ ಹಾಕಿದರೆ ಸುಮಾರು ತೊಂಬತ್ತೈದು ಸಲ ನಿಜವಾದ ಸರಾಸರಿ ಅಂಚುಗಳ ಒಳಗೇ ಸಿಗುತ್ತದೆ ಎಂದು ಮಕ್ಕಳಿಗೆ ಕಲಿಸುವವಳು ನಾನೇ. ಇಷ್ಟು ಕಿರಿದಾದ ಅಂತರ ಕಂಡು ಬೀಗಿದೆ. ಡಾಕ್ಟರು ಬೇಡ ಬೇಡವೆಂದರೂ ಕೇಳದೆ ಇನ್ಸುಲಿನ್ನನ್ನು ಹತ್ತು ದಿನ ಮುಂದಕ್ಕೆ ಹಾಕಿಸಿದೆ.

ಒಂಬತ್ತನೆಯ ದಿನ, ಬುಧವಾರ ಬೆಳಗ್ಗೆ, ತಿಂಡಿಗೂ ಮುಂಚೆ ಪಟ್ಟಿ ಬಿಚ್ಚಿದರೆ ಬೆರಳಿನ ತುದಿ ಕಪ್ಪಗಾಗಿತ್ತು. ಮೀಟರ್ ಎತ್ತಿಕೊಂಡೆ. ಅಮ್ಮ ಬೇಡವೆಂದು ಕೈ ಎಳೆದುಕೊಂಡರೂ ಬಿಡದೆ ನಾನೇ ಚುಚ್ಚಿದೆ. ಇನ್ನೂರ ಮೂವತ್ತೆಂಟು!

ಓಡಿಹೋಗಿ ಕ್ಯಾಲೆಂಡರ್ ಕಿತ್ತು ತಂದೆ. ಮೂವತ್ತೂ ಶುಕ್ರವಾರ, ಭಾನುವಾರಗಳ ಚೌಕದಲ್ಲೇ ಇದ್ದವು. ಗುರುವಾರ, ಶನಿವಾರ ಅಮ್ಮನ ಒಪ್ಪತ್ತು. ರಾತ್ರಿ ಊಟವಿಲ್ಲ, ಒಂದು ಲೋಟ ಮಜ್ಜಿಗೆ ಅಷ್ಟೇ. ಉಪವಾಸದ ಮಾರನೆಯ ಬೆಳಗಿನ ಸಂಖ್ಯೆಗಳನ್ನು ಮಾತ್ರ ಹಿಡಿದುಕೊಂಡು ನಾನು ವಾರವಿಡೀ ಹೀಗೇ ಎಂದು ನಂಬಿದ್ದೆ. ದಿನ ಯಾವುದೆಂದು ಕೇಳುವಷ್ಟೂ ಬುದ್ಧಿ ಇರಲಿಲ್ಲ ನನ್ನ ತಲೆಗೆ.

"ಅಯ್ಯೋ, ಏನಮ್ಮಾ ಇದು? ಯಾಕಮ್ಮಾ ಹೀಗ್ ಮಾಡ್ದೆ?" ಎಂದು ಕಿರುಚಿದೆ.

"ಬೇರೆ ದಿನ ಜಾಸ್ತಿ ಬರುತ್ತೆ ಕಣೇ. ಜಾಸ್ತಿ ಬಂದ್ರೆ ನೀನು ಮನೆ ಹಾರಿಹೋಗೋ ಹಾಗೆ ಕೂಗಾಡ್ತೀಯಲ್ಲ," ಎಂದಳು.

ಸಿಕ್ಕಿದ ಆಟೋದಲ್ಲಿ ಆಸ್ಪತ್ರೆಗೆ ಹೋದೆವು. ಅವತ್ತೇ ಇನ್ಸುಲಿನ್ ಶುರುವಾಯಿತು. ಹೆಬ್ಬೆರಳು ಮಾತ್ರ ಉಳಿಯಲಿಲ್ಲ. ಅಷ್ಟು ದೊಡ್ಡ ತಪ್ಪು ನಾನು ಯಾವ ಪರೀಕ್ಷೆಯಲ್ಲೂ ಮಾಡಿರಲಿಲ್ಲ.

ಮನೆಗೆ ಬಂದ ಮೇಲೆ ಒಂದು ಮಂಗಳವಾರ ಬೆಳಗ್ಗೆ ಅಮ್ಮ ತಾನಾಗಿಯೇ ಕೈ ಚಾಚಿದಳು. ಚುಚ್ಚಿದೆ. ಸಂಖ್ಯೆ ಬರಲು ಐದು ಸೆಕೆಂಡು ಬೇಕು. ಆ ಐದು ಸೆಕೆಂಡೂ ಅಮ್ಮ ಮೀಟರಿನತ್ತ ತಿರುಗಲಿಲ್ಲ, ನನ್ನ ಮುಖವನ್ನೇ ನೋಡುತ್ತ ಕೂತಿದ್ದಳು.